ಕುಲ ಬದಲಾದರೂ ಉಳಿದ ಹೆಸರು: ಜೆರ್ಡನ್ ಮತ್ತು ಒಂದು ಪುಟ್ಟ ಹಕ್ಕಿ

ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಕಾಡುಗಳಲ್ಲಿ ಪುಟ್ಟ ಹಕ್ಕಿಯೊಂದು ನೆಲಮಟ್ಟದ ಪೊದೆಗಳ ನಡುವೆ ಸುಳಿದಾಡುತ್ತದೆ. ಗಂಡಿನ ತಲೆ, ರೆಕ್ಕೆಗಳು ಕಪ್ಪು; ಉಳಿದ ಮೈ ಕಿತ್ತಳೆ. ಪಶ್ಚಿಮ ಘಟ್ಟ ಹಾಗೂ ಅದಕ್ಕೆ ಹೊಂದಿಕೊಂಡ ಬೆಟ್ಟಗಳ ಹೊರಗೆ ಎಲ್ಲಿಯೂ ಕಾಣದ ಈ ಕಪ್ಪು-ಕಿತ್ತಳೆ ನೊಣಹಿಡುಕ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೆ. 1839ರಲ್ಲಿ ಇದಕ್ಕೆ ವೈಜ್ಞಾನಿಕ ನಾಮಕರಣ ಮಾಡಿದವರು ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್.

1811ರ ಅಕ್ಟೋಬರ್ 12ರಂದು ಇಂಗ್ಲೆಂಡಿನ ಡರ್ಹ್ಯಾಮ್ ಪ್ರಾಂತ್ಯದಲ್ಲಿ ಜನಿಸಿದ ಜೆರ್ಡನ್, ಎಡಿನ್‌ಬರೊದಲ್ಲಿ ವ್ಯಾಸಂಗ ಮಾಡಿ, ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ 1836ರಲ್ಲಿ ಮದರಾಸಿಗೆ ಬಂದರು. ಸೈನಿಕರ ಶುಶ್ರೂಷೆ ಅವರ ವೃತ್ತಿಯಾದರೆ, ಪಕ್ಷಿಗಳ ಸಂಗ್ರಹ ಪ್ರವೃತ್ತಿಯಾಯಿತು.

ಆ ಕಾಲದಲ್ಲಿ ಹೊಸ ಹಕ್ಕಿಯನ್ನು ಗುರುತಿಸಬೇಕಾದರೆ ಯುರೋಪಿನ ಪಂಡಿತರನ್ನೇ ಆಶ್ರಯಿಸಬೇಕಿತ್ತು. ಜೆರ್ಡನ್ ಕೂಡ ತಮ್ಮ ಸಂಗ್ರಹದ ಮಾದರಿಗಳನ್ನು ಸ್ಕಾಟ್ಲೆಂಡಿನ ವಿಲಿಯಂ ಜಾರ್ಡಿನ್ ಅವರಿಗೆ ಕಳುಹಿಸಿದರು. ಆದರೆ ಅವು ಅಲ್ಲಿಗೆ ತಲುಪುವಷ್ಟರಲ್ಲಿ ಹುಳುಗಳ ಪಾಲಾಗಿದ್ದವು. ಅಂದಿನಿಂದ ಅವರು ಸ್ವಂತ ನಿರ್ಣಯವನ್ನೇ ನೆಚ್ಚಿ, 1839ರಿಂದ ಮದರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ದಕ್ಷಿಣ ಭಾರತದ ಪಕ್ಷಿಗಳ ಪಟ್ಟಿಯನ್ನು ಕಂತುಗಳಲ್ಲಿ ಪ್ರಕಟಿಸತೊಡಗಿದರು.

ಈ ನೊಣಹಿಡುಕನನ್ನು ಅವರು ಬಂಡೆವಾಸಿ ಎಂಬ ಅರ್ಥದ ಸ್ಯಾಕ್ಸಿಕೋಲ ಕುಲಕ್ಕೆ ಸೇರಿಸಿ, ಕಪ್ಪು ಮತ್ತು ಕೆಂಗಂದು ಎಂಬರ್ಥದ ನೈಗ್ರೊರೂಫ ಎಂಬ ಹೆಸರಿತ್ತರು. ಆದರೆ ಕುಲನಿರ್ಣಯ ನಿಲ್ಲಲಿಲ್ಲ. 1847ರಲ್ಲಿ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ ಅದಕ್ಕೆಂದೇ ಓಕ್ರೊಮೆಲ ಎಂಬ ಪ್ರತ್ಯೇಕ ಕುಲವನ್ನು ಸೃಷ್ಟಿಸಿದರು. ಮುಂದೆಯೂ ಹಕ್ಕಿಯ ನೆಲೆ ಬದಲಾಗುತ್ತಲೇ ಇತ್ತು. ಅಂತಿಮವಾಗಿ ವಂಶವಾಹಿಗಳ ಅಧ್ಯಯನವು ಅದನ್ನು ಫಿಸೆಡುಲ ಎಂಬ ನೊಣಹಿಡುಕಗಳ ಕುಲದಲ್ಲಿ ದೃಢಪಡಿಸಿತು. ಸ್ಯಾಕ್ಸಿಕೋಲ ಕುಲವೂ ಈಗ ಅದೇ ಕುಟುಂಬಕ್ಕೆ ಸೇರಿರುವುದರಿಂದ, ಜೆರ್ಡನ್ ಅವರ ಊಹೆ ತೀರಾ ದೂರದ್ದೇನೂ ಆಗಿರಲಿಲ್ಲ.

1862 ಮತ್ತು 1864ರ ನಡುವೆ ಅವರ ಮಹತ್ಕೃತಿ ‘ಭಾರತದ ಪಕ್ಷಿಗಳು’ ಇಂಗ್ಲಿಷಿನಲ್ಲಿ ಹೊರಬಂದಿತು. ಸಾವಿರಕ್ಕೂ ಅಧಿಕ ಪ್ರಭೇದಗಳ ವಿವರವಿದ್ದ ಆ ಗ್ರಂಥ ದೇಶದ ಪಕ್ಷಿಶಾಸ್ತ್ರಕ್ಕೆ ಬುನಾದಿಯಾಯಿತು. 1867ರಲ್ಲಿ ಸಸ್ತನಿಗಳ ಕುರಿತ ಗ್ರಂಥವೂ ಪ್ರಕಟವಾಯಿತು. 1872ರ ಜೂನ್ 12ರಂದು ಜೆರ್ಡನ್ ಇಂಗ್ಲೆಂಡಿನಲ್ಲಿ ನಿಧನರಾದರು.

ನಾಮಕರಣದ ನಿಯಮದಂತೆ ಕುಲ ಬದಲಾದರೂ ಮೊದಲಿಗರು ಇಟ್ಟ ಪ್ರಭೇದದ ಹೆಸರು ಅಳಿಯುವುದಿಲ್ಲ. ಬದಲಾವಣೆಯ ಗುರುತಾಗಿ ಅವರ ಹೆಸರನ್ನು ಆವರಣದೊಳಗೆ ಬರೆಯಲಾಗುತ್ತದೆ. ಫಿಸೆಡುಲ ನೈಗ್ರೊರೂಫ ಎಂಬುದರ ಮುಂದೆ ಜೆರ್ಡನ್ ಅವರ ಹೆಸರು ಇಂದಿಗೂ ಹಾಗೆಯೇ ಇದೆ. ಆ ಎರಡು ಕಂಸಗಳು ಅವರ ತಪ್ಪನ್ನು ಹೇಳುತ್ತವೆ, ಹೆಸರು ಅವರ ಸಾಧನೆಯನ್ನು ಹೇಳುತ್ತದೆ.