ಮಾತಿನ ಹೊಣೆಯರಿತ ಜಿಮ್ ಮೆಕೇ

ಗೆದ್ದವರಾರು, ಸೋತವರಾರು ಎಂದು ತಿಳಿಸಿದರೆ ಕ್ರೀಡಾ ನಿರೂಪಕನ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ಅಮೆರಿಕದ ಟೆಲಿವಿಷನ್ ನಿರೂಪಕ ಜಿಮ್ ಮೆಕೇ ಅವರ ಜೀವನವನ್ನು ಅವಲೋಕಿಸಿದರೆ ಈ ಭಾವನೆ ಎಷ್ಟು ತಪ್ಪೆಂಬುದು ಮನವರಿಕೆಯಾಗುತ್ತದೆ.

ಜೇಮ್ಸ್ ಕೆನೆತ್ ಮೆಕ್‌ಮ್ಯಾನಸ್ ಎಂಬುದು ಅವರ ನಿಜನಾಮಧೇಯ. ಫಿಲಡೆಲ್ಫಿಯ ನಗರದಲ್ಲಿ 1921ನೆಯ ಸೆಪ್ಟೆಂಬರ್ 24ರಂದು ಜನಿಸಿದರು. ಬಾಲ್ಟಿಮೋರಿನಲ್ಲಿ ಪದವೀಧರರಾಗಿ, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ ಸಲ್ಲಿಸಿ, ಬಳಿಕ ಅಲ್ಲಿಯೇ ಪತ್ರಿಕಾ ವರದಿಗಾರರಾದರು. 1947ರಲ್ಲಿ ಆ ಪತ್ರಿಕಾಸಂಸ್ಥೆ ಟೆಲಿವಿಷನ್ ಕೇಂದ್ರವನ್ನು ತೆರೆದಾಗ ಅಲ್ಲಿಂದ ಮೊದಲು ಕೇಳಿಬಂದ ಧ್ವನಿ ಅವರದೇ. ಮುಂದೆ ನ್ಯೂಯಾರ್ಕಿಗೆ ಹೋದಾಗ, ಕಾರ್ಯಕ್ರಮವೊಂದರ ಶೀರ್ಷಿಕೆಗೆ ಹೊಂದಿಕೆಯಾಗಲೆಂದು ಅವರ ಹೆಸರು ಮೆಕೇ ಎಂದಾಯಿತು.

1961ರ ಏಪ್ರಿಲ್ 29ರಂದು ಎ.ಬಿ.ಸಿ. ಸಂಸ್ಥೆಯ ‘ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್’ ಕಾರ್ಯಕ್ರಮ ಅವರ ನಿರೂಪಣೆಯಲ್ಲಿ ಆರಂಭವಾಯಿತು. ಅಂಕಗಳಿಗಿಂತ ಮೊದಲು ಆಟಗಾರನ ಊರು, ಬಾಳು, ಶ್ರಮಗಳನ್ನು ಪರಿಚಯಿಸುವುದು ಅವರ ಪದ್ಧತಿ. 1968ರಲ್ಲಿ ಎಮ್ಮಿ ಪ್ರಶಸ್ತಿ ಪಡೆದ ಪ್ರಥಮ ಕ್ರೀಡಾ ನಿರೂಪಕರಾದರು.

ಆದರೆ ಅವರಿಗೆ ನಿಜವಾದ ಪರೀಕ್ಷೆ ಒದಗಿದ್ದು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ. ಸೆಪ್ಟೆಂಬರ್ 5ರ ಬೆಳಗಿನ ಜಾವ ಪ್ಯಾಲೆಸ್ಟೀನಿನ ಶಸ್ತ್ರಧಾರಿಗಳು ಕ್ರೀಡಾಗ್ರಾಮಕ್ಕೆ ನುಗ್ಗಿ, ಇಸ್ರೇಲಿ ತಂಡದ ಇಬ್ಬರನ್ನು ಕೊಂದು ಒಂಬತ್ತು ಮಂದಿಯನ್ನು ಒತ್ತೆಯಿಟ್ಟುಕೊಂಡರು. ಅಂದು ಮೆಕೇ ಅವರಿಗೆ ರಜೆ. ಕರೆ ಬಂದೊಡನೆ ಒದ್ದೆ ಈಜುಡುಗೆಯ ಮೇಲೆಯೇ ಬಟ್ಟೆ ತೊಟ್ಟು ಧಾವಿಸಿದ ಅವರು, 12 ಗಂಟೆಗೂ ಮಿಕ್ಕಿ ಕ್ಯಾಮರಾದ ಮುಂದೆ ಕುಳಿತರು. ರಾತ್ರಿ, ಒತ್ತೆಯಾಳುಗಳೆಲ್ಲ ಪಾರಾದರೆಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಸತ್ಯ ಬೇರೆಯೇ ಇತ್ತು. ಒಂಬತ್ತು ಮಂದಿಯೂ ಮೃತರಾಗಿದ್ದರು.

ಒತ್ತೆಯಾಳುಗಳಲ್ಲೊಬ್ಬರಾದ ಡೇವಿಡ್ ಬರ್ಗರ್ ಅಮೆರಿಕದಲ್ಲೇ ಹುಟ್ಟಿ ಬೆಳೆದ ಭಾರ ಎತ್ತುವ ಪಟು. ಓಹಾಯೋದಲ್ಲಿದ್ದ ಅವರ ತಂದೆತಾಯಿಗಳಿಗೆ ಮಗನ ಅಳಿವು ಉಳಿವನ್ನು ತಿಳಿಸಬೇಕಾದವನು ತಾನೇ ಎಂಬ ಅರಿವು ಆ ಗಂಟೆಗಳಲ್ಲಿ ತಮ್ಮನ್ನು ಕಾಡಿತ್ತೆಂದು ಮೆಕೇ ಮುಂದೆ ನೆನೆದರು. ಕೊನೆಗೆ ಆ ಘೋರ ವಾರ್ತೆಯನ್ನು ಆಡಂಬರವಿಲ್ಲದೆ, ತಗ್ಗಿದ ದನಿಯಲ್ಲಿ ತಿಳಿಸಿದರು. ಆ ದಿನದ ಸೇವೆಗಾಗಿ ಕ್ರೀಡೆಗೊಂದು, ವಾರ್ತೆಗೊಂದು ಎಮ್ಮಿ ಪ್ರಶಸ್ತಿ ಸಂದಿತು. 2008ರ ಜೂನ್ 7ರಂದು ತಮ್ಮ 86ನೆಯ ವಯಸ್ಸಿನಲ್ಲಿ ದಿವಂಗತರಾದರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಫೋನಿನಲ್ಲಿ ಯಾವ ಸುದ್ದಿ ಬಂದರೂ ಇದು ನಿಜವೇ ಎಂದು ಹಿರಿಯರು ನನ್ನನ್ನೇ ಕೇಳುತ್ತಾರೆ. ಹೌದೆಂದುಬಿಡುವುದು ಸುಲಭ. ಆದರೆ ನನ್ನ ಮಾತನ್ನೇ ನಂಬಿ ಕುಳಿತವರ ಮುಖ ಕಂಡಾಗ, ದೂರದ ತಂದೆತಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ ಆ ಮನುಷ್ಯ ನೆನಪಾಗುತ್ತಾರೆ. ನಾಲಗೆ ತಾನಾಗಿಯೇ ತಡೆಯುತ್ತದೆ.