ಎರಡು ಮೇಣದಬತ್ತಿ, ಒಂದು ಸೀಮೆಎಣ್ಣೆ ಬುಡ್ಡಿ

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಶಾಲೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮೇಣದಬತ್ತಿ ಕಥೆ ಇದ್ದೇ ಇರುತ್ತಿತ್ತು. ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತದ ಬತ್ತಿ. ಮನೆಗೆ ಬಂದು ಅಜ್ಜಿಗೆ ಹೇಳಿದರೆ ಆಕೆ ನಗುತ್ತಿದ್ದಳು. ಅವಳು ಮದುವೆಯಾಗಿ ಬಂದ ಮನೆಯಲ್ಲಿ ಎಷ್ಟೋ ವರ್ಷ ಇದ್ದದ್ದು ಒಂದೇ ಸೀಮೆಎಣ್ಣೆ ಬುಡ್ಡಿ. ಆ ಮನೆಯವರ ಮೂಲ ಊರು ಕನ್ನಂಬಾಡಿ ಕಟ್ಟೆಯ ನೀರಿನಡಿ ಇದೆ.

ಈಗ ನಾನು ವಿದ್ಯುತ್ ಇಲಾಖೆಯ ನೌಕರಿಯ ಪರೀಕ್ಷೆಗೆ ಓದುತ್ತಿದ್ದೇನೆ. ಹಾಗಾಗಿ ವಿಶ್ವೇಶ್ವರಯ್ಯನವರ ಬದುಕನ್ನು ಮತ್ತೊಮ್ಮೆ ಓದಬೇಕಾಯಿತು. ಶುರು ಮಾಡಿದ್ದು ಅಂಕಕ್ಕಾಗಿ. ಓದುತ್ತಾ ಹೋದಂತೆ ಬೇರೆ ಎರಡು ಪ್ರಶ್ನೆಗಳು ಹಿಡಿದುಕೊಂಡವು. ಕಟ್ಟೆಗೆ ದುಡ್ಡು ಬಂದದ್ದು ಎಲ್ಲಿಂದ? ಬೆಳಕು ಹೋದದ್ದು ಎಲ್ಲಿಗೆ?

ಮುದ್ದೇನಹಳ್ಳಿಯ ಆ ಹುಡುಗ ಎಳೆ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ. ನಂತರ ಪುಣೆಯಲ್ಲಿ ಎಂಜಿನಿಯರಿಂಗ್, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಗೇಟುಗಳು ಅವರಿಗೆ ಹೆಸರು ತಂದವು. 1909ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಮುಖ್ಯ ಎಂಜಿನಿಯರ್ ಆಗಿ ಕರೆಸಿಕೊಂಡಿತು.

ಅಷ್ಟರಲ್ಲಾಗಲೇ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಆ ಯೋಜನೆಯಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆಯಲಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಗಣಿಗಳಿಗೆ ಇನ್ನಷ್ಟು ಬೇಕಿತ್ತು. ಮಳೆಗಾಲದ ನೀರನ್ನು ಮೇಲೆ ತಡೆದು ಬೇಸಿಗೆಯಲ್ಲಿ ಬಿಟ್ಟರೆ ಯಂತ್ರಗಳು ವರ್ಷವಿಡೀ ತಿರುಗುತ್ತವೆ, ಮಂಡ್ಯ ಸೀಮೆಯ ಒಣಭೂಮಿಗೂ ನೀರು ಸಿಗುತ್ತದೆ ಎಂಬುದು ವಿಶ್ವೇಶ್ವರಯ್ಯನವರ ಲೆಕ್ಕ.

ಖಜಾನೆಯ ಅಧಿಕಾರಿಗಳು ಹಿಂಜರಿದರು. ನೀರಾವರಿಗೆ ಹಾಕಿದ ಹಣ ವಾಪಸು ಬರಲು ಬಹಳ ಕಾಲ ಬೇಕು. ಆದರೆ ವಿದ್ಯುತ್ತಿಗೆ ಮೊದಲ ದಿನದಿಂದಲೇ ಹಣ ಕೊಡುವ ಗಿರಾಕಿ ಇದ್ದ. ಗಣಿಗಳ ವರಮಾನವೇ ಕಟ್ಟೆಗೆ ಆಧಾರವಾಯಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 81 ಲಕ್ಷ ರೂಪಾಯಿಯ ಅಂದಾಜಿಗೆ ಒಪ್ಪಿಗೆ ಕೊಟ್ಟರು. ಮದ್ರಾಸ್ ಸರ್ಕಾರ ತಕರಾರು ತೆಗೆದು, ಮೊದಲಿಗೆ 80 ಅಡಿ ಎತ್ತರಕ್ಕಷ್ಟೇ ಅನುಮತಿ ಸಿಕ್ಕಿತು. ಅವರು ಮಾತ್ರ ದೊಡ್ಡ ಕಟ್ಟೆಗೆ ಬೇಕಾದ ಅಡಿಪಾಯವನ್ನೇ ಹಾಕಿಸಿದರು. 1912ರಲ್ಲಿ ದಿವಾನರಾದರು. ಗಣಿಗಳಿಗೆ ಕೊಟ್ಟ ಮಾತಿನಂತೆ 1915ರೊಳಗೆ ನೀರು ನಿಲ್ಲಿಸಲೇಬೇಕಿತ್ತು. ಸಾವಿರಾರು ಕೂಲಿಗಳು ರಾತ್ರಿಯೂ ದೀಪ ಹಚ್ಚಿಕೊಂಡು ದುಡಿದರು.

ಆ ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಸುತ್ತಲಿನ ಊರುಗಳೂ ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿದವು. ಮನೆ, ಹೊಲ ಕಳೆದುಕೊಂಡವರಿಗೆ ಬೇರೆಡೆ ಜಮೀನು ಕೊಡಲಾಯಿತು. ನಮ್ಮ ಮುತ್ತಜ್ಜನಿಗೂ ಸಿಕ್ಕಿತಂತೆ. ಆದರೆ ಹೊಸ ನೆಲ ಹದಕ್ಕೆ ಬರಲು ಹಿಡಿದ ವರ್ಷಗಳು, ಆ ವರ್ಷಗಳಲ್ಲಿ ಆದ ಸಾಲ ಯಾವ ಪರಿಹಾರದ ಪಟ್ಟಿಯಲ್ಲೂ ಇರಲಿಲ್ಲ ಎಂಬುದು ಮನೆಯ ಮಾತು. ಕೋಲಾರದಲ್ಲಿ ನೆಲದಾಳದ ಸುರಂಗಕ್ಕೆ ಕರೆಂಟು ಹೋಯಿತು. ನಮ್ಮ ಊರಿಗೆ ಕಂಬ ಬಂದದ್ದು ಅಪ್ಪ ಹೈಸ್ಕೂಲಿಗೆ ಹೋಗುವಾಗ, ಕಟ್ಟೆಯಲ್ಲಿ ನೀರು ನಿಂತು ಹತ್ತಿರ ಹತ್ತಿರ ಅರವತ್ತು ವರ್ಷದ ಮೇಲೆ.

ಇದನ್ನು ಓದಿ ನನಗೆ ಒಂದಷ್ಟು ದಿನ ಸಿಟ್ಟು ಬಂದಿತ್ತು. ಆಮೇಲೆ ಉಳಿದ ಪುಟಗಳೂ ಕಣ್ಣಿಗೆ ಬಿದ್ದವು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ನಾನು ಪದವಿ ಪಡೆದದ್ದೂ ಮೈಸೂರು ವಿಶ್ವವಿದ್ಯಾಲಯದಲ್ಲೇ. ಹಣ ಕೊಡುವ ಗಿರಾಕಿ ಇರದಿದ್ದರೆ ಆ ಕಾಲದಲ್ಲಿ ಕಟ್ಟೆಯೇ ಏಳುತ್ತಿರಲಿಲ್ಲ, ಮಂಡ್ಯದ ಕಬ್ಬಿನ ಗದ್ದೆಗಳೂ ಇರುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹಣ ಕೊಡುವವರಿಗೆ ಮೊದಲು ಬೆಳಕು ಎಂಬ ಲೆಕ್ಕದಲ್ಲಿ ಹಳ್ಳಿ ಯಾವಾಗಲೂ ಕೊನೆಗೇ ಉಳಿಯುತ್ತದೆ. ಹಳ್ಳಿಗೆ ಎಳೆದ ತಂತಿ ಅಸಲನ್ನು ಬೇಗ ಹುಟ್ಟಿಸುವುದಿಲ್ಲ. ಅದಕ್ಕೆಂದೇ ಸಾಲ ಕೊಡಲು ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ್ದು 1969ರಲ್ಲಿ. ಬಡವರ ಮನೆಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಬಂದದ್ದು ಅದರ ನಂತರ.

ವಿಶ್ವೇಶ್ವರಯ್ಯನವರು 1955ರಲ್ಲಿ ಭಾರತರತ್ನರಾದರು, ನೂರು ದಾಟಿ 1962ರಲ್ಲಿ ತೀರಿಕೊಂಡರು. ಅವರಿಂದ ನಾನು ಕಲಿತದ್ದು ಲೆಕ್ಕವನ್ನು ಪೂರ್ತಿ ಬರೆಯುವುದನ್ನು. ಅಜ್ಜಿಯಿಂದ ಕಲಿತದ್ದು ಆ ಲೆಕ್ಕದಲ್ಲಿ ಬಿಟ್ಟುಹೋದವರನ್ನು ಸೇರಿಸುವುದನ್ನು. ನೌಕರಿ ಸಿಕ್ಕರೆ, ಕಾಡಂಚಿನ ನಾಲ್ಕು ಮನೆಗಳ ಅರ್ಜಿ ಒಂದು ದಿನ ನನ್ನ ಮೇಜಿಗೂ ಬರಬಹುದು. ವರಮಾನವಿಲ್ಲ ಎಂದು ಬರೆದು ಬದಿಗಿಡುವುದು ಸುಲಭ. ಹಾಗೆ ಮಾಡಬಾರದೆಂದು ಅಜ್ಜಿಯ ಬುಡ್ಡಿಯನ್ನು ಅಟ್ಟದಿಂದ ಇಳಿಸಿ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.