ಕಡಲಿಲ್ಲದ ಊರಲ್ಲಿ ಕಡಲನೀರು: ಫಿಲಿಪ್ ಹೆನ್ರಿ ಗಾಸ್

ಬಾಪೂಜಿ ನಗರದ ಮನೆಯಲ್ಲಿ ಹವಳದ ಅಕ್ವೇರಿಯಂ ಇಡಲು ಮಂಗಳೂರಿನಿಂದ ಕಡಲನೀರು ತರಬೇಕೇ? ಬೇಕಿಲ್ಲ. ಕಡಲನೀರನ್ನು ಮನೆಯಲ್ಲೇ ಬೆರೆಸಿಕೊಳ್ಳಬಹುದೆಂದು 1854ರಲ್ಲೇ ತೋರಿಸಿದವರು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್.

1810ರಲ್ಲಿ ಹುಟ್ಟಿದ ಗಾಸ್, ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೀಟಗಳನ್ನೂ ಜಮೈಕಾದಲ್ಲಿ ಹಕ್ಕಿಗಳನ್ನೂ ಅಭ್ಯಾಸ ಮಾಡಿದರು. 1852ರಲ್ಲಿ ಆರೋಗ್ಯ ಕೆಟ್ಟು ಡೆವನ್ ಕಡಲತೀರಕ್ಕೆ ಹೋದವರು, ಗಾಜಿನ ಪಾತ್ರೆಗಳಲ್ಲಿ ಕಡಲಜೀವಿಗಳನ್ನು ಸಾಕತೊಡಗಿದರು. ಮರುವರ್ಷ ಲಂಡನ್ ಮೃಗಾಲಯದಲ್ಲಿ ತೆರೆದ ಅಕ್ವೇರಿಯಂಗೆ ಜೀವಿಗಳನ್ನು ಒದಗಿಸಿದರು. 1854ರ ಅವರ ಪುಸ್ತಕ ‘ದಿ ಅಕ್ವೇರಿಯಂ’ ಆ ಪದವನ್ನೇ ಮನೆಮಾತಾಗಿಸಿತು.

ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್: ಈ ನಾಲ್ಕನ್ನು ಸಿಹಿನೀರಿಗೆ ಬೆರೆಸಿ ಅವರು ಕಡಲನೀರು ತಯಾರಿಸಿದರು. ಆಮ್ಲಜನಕಕ್ಕೆ ಕಡಲಪಾಚಿಯನ್ನು ನಂಬಿದ್ದರು.

ಹಾಗಾದರೆ ಇಂದು ನಾವು ಏನು ಕೊಳ್ಳಬೇಕು? ಹವಳ ತನ್ನ ಗೂಡು ಕಟ್ಟಲು ಕ್ಯಾಲ್ಸಿಯಂ ಬೇಕು. ಗಾಸ್ ಪಟ್ಟಿಯಲ್ಲಿ ಅದಿಲ್ಲ, ಆರ್‌ಒ ನೀರಿನಲ್ಲೂ ಇರುವುದು ಅತ್ಯಲ್ಪ. ಆದ್ದರಿಂದ ಹವಳಕ್ಕೆಂದೇ ಸಿಗುವ ಸಿದ್ಧ ಉಪ್ಪನ್ನು ಆರ್‌ಒ ನೀರಿಗೆ ಬೆರೆಸಬೇಕು. ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ ಇರಬೇಕು; ಅದನ್ನು ಅಳೆಯಲು ರಿಫ್ರಾಕ್ಟೋಮೀಟರ್ ಬೇಕು. ನೀರು ಸದಾ ಆಡುತ್ತಿರಲು ಪಂಪ್, ಹವಳದೊಳಗಿನ ಪಾಚಿಗೆ ಸರಿಯಾದ ಬೆಳಕು, ಬೇಸಿಗೆಯಲ್ಲಿ ನೀರು ಬಿಸಿಯೇರದಂತೆ ಚಿಲ್ಲರ್ ಕೂಡ ಬೇಕಾಗಬಹುದು.

ಗಾಸ್ ಪುಸ್ತಕಗಳನ್ನು ಓದಿದ ಜನ ತೀರಕ್ಕೆ ಮುಗಿಬಿದ್ದು, ಬಂಡೆಗಳ ಮೇಲಿನ ಜೀವಿಗಳನ್ನು ಬರಿದು ಮಾಡಿದರು. ಇದು ಅವರನ್ನು ಬಹಳ ನೋಯಿಸಿತ್ತೆಂದು ಮಗ ಎಡ್ಮಂಡ್ 1907ರಲ್ಲಿ ಬರೆದರು. ಗಾಸ್ ತೀರಿಕೊಂಡಿದ್ದು 1888ರಲ್ಲಿ.

ನಮ್ಮ ಕಡಲಿನ ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಾಗಾಗಿ ಸಲಕರಣೆಯ ಬೆಲೆ ಕೇಳುವ ಮೊದಲು, ಹವಳ ಎಲ್ಲಿಂದ ಬಂತೆಂದು ಕೇಳೋಣ.